ಮೃತ್ಯು ಕಣಿವೆಯಲ್ಲಿ ಮೂರು ದಿನ

ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಬೇಸಿಗೆ ಬಂತೆಂದರೆ ಯೋಸೆಮಿಟಿ, ಲೇಕ್ ತಾಹೋ. ಊರಿನಿಂದ ಅಪ್ಪ ಅಮ್ಮ ಬಂದರೆಂದರೆ ಗ್ರ್ಯಾಂಡ್ ಕ್ಯಾನಿಯನ್, ಲಾಸ್ ವೇಗಸ್, ಒಂದೆರಡು ದೇವಸ್ಥಾನ, ಒಂದು ಔಟ್‌ಲೆಟ್ ಮಾಲ್. ಈ ಪಟ್ಟಿಯಲ್ಲಿ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕಿಗೆ ಜಾಗ ಸಿಗುವುದು ಅಪರೂಪ. ಹೆಸರೇ ಹಾಗಿದೆ ನೋಡಿ. ಮ್ಯಾಪು ಬಿಡಿಸಿದರೆ ಇನ್ನೂ ಚೆನ್ನ: ಫ್ಯೂನರಲ್ ಮೌಂಟನ್ಸ್, ಫರ್ನೆಸ್ ಕ್ರೀಕ್, ಬ್ಯಾಡ್‌ವಾಟರ್, ಡೆವಿಲ್ಸ್ ಗಾಲ್ಫ್ ಕೋರ್ಸ್. ಕಳೆದ ಏಪ್ರಿಲ್‌ನಲ್ಲಿ ಮಕ್ಕಳ ವಸಂತ ರಜೆಗೆ ಅಲ್ಲಿಗೆ ಟೆಂಟು ಕಟ್ಟಿಕೊಂಡು ಹೋಗೋಣವೆಂದಾಗ ನನ್ನ ಶ್ರೀಮತಿ, "ಯುಗಾದಿ ಮುಗಿದು ನಾಲ್ಕು ದಿನ ಆಗಿಲ್ಲ, ಆ ಹೆಸರಿನ ಜಾಗಕ್ಕಾ?" ಎಂದು ಹುಬ್ಬೇರಿಸಿದಳು.

ತೀರ್ಪು ಕೊಟ್ಟವರು ನಮ್ಮ ತಂದೆಯವರು. ಎಪ್ಪತ್ತೆಂಟು ವರ್ಷ, ಚಳ್ಳಕೆರೆ ಸೀಮೆಯವರು, ನಿವೃತ್ತ ಮೇಷ್ಟ್ರು. ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. "ಯಮನ ಹೆಸರಿಟ್ಟ ಮಾತ್ರಕ್ಕೆ ಯಮ ಅಲ್ಲೇ ಮನೆ ಮಾಡಿಕೊಂಡಿರ್ತಾನೇನಮ್ಮಾ? ನಡೀರಿ, ನೋಡಿ ಬರೋಣ" ಅಂದರು. ಸೊಸೆ ಮರುಮಾತಾಡಲಿಲ್ಲ.

ನೀರಿನ ಲೆಕ್ಕ

ವೈದ್ಯನಾದ ನನಗೆ ಎರಡು ಲೆಕ್ಕ ಮಾಡುವುದಿತ್ತು. ಮೊದಲನೆಯದು ನೀರು. ಅಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕು ಲೀಟರ್ ನೀರು ಬೇಕೆಂದು ಪಾರ್ಕಿನವರೇ ಹೇಳುತ್ತಾರೆ. ಐದು ಜನ, ಮೂರು ದಿನ, ಹದಿನೈದು ಗ್ಯಾಲನ್. ಕಾರು ಕೆಟ್ಟು ನಿಂತರೆ ಇರಲಿ ಎಂದು ಇನ್ನೂ ಐದು. ನಮ್ಮ ಮಿನಿವ್ಯಾನಿನ ಹಿಂಭಾಗವೆಲ್ಲ ನೀರಿನ ಕ್ಯಾನುಗಳೇ ಆದವು. ಉಳಿದ ಸಂದಿಗಳಲ್ಲಿ ಟೆಂಟು, ಸ್ಲೀಪಿಂಗ್ ಬ್ಯಾಗು, ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಕೂಲರಿನಲ್ಲಿ ಎರಡು ಡಬ್ಬ ಮೊಸರು.

ಎರಡನೆಯ ಲೆಕ್ಕ ಅಪ್ಪನದು. ಅವರು ರಕ್ತದೊತ್ತಡಕ್ಕೆ ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚಿಸುವಂಥದ್ದು. ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ. ದೇಹ ಒಣಗುತ್ತಿದ್ದರೂ ಗಂಟಲು ಅದನ್ನು ಹೇಳುವುದಿಲ್ಲ. ಇವೆರಡೂ ಮರುಭೂಮಿಯಲ್ಲಿ ಸೇರಿದರೆ ತೊಂದರೆ. ಅವರನ್ನು ನೋಡುವ ಡಾಕ್ಟರ ಜೊತೆ ಮಾತಾಡಿ, ಬಿಸಿಲೇರುವ ಮುನ್ನ ಮಾತ್ರ ನಡಿಗೆ, ಗಂಟೆಗೊಮ್ಮೆ ಕೇಳದೆಯೇ ನೀರು ಎಂದು ನಿಯಮ ಮಾಡಿದೆ. ಅಪ್ಪ ಒಪ್ಪಿಕೊಂಡರು, ಆದರೆ ಒಂದು ಷರತ್ತು ಹಾಕಿದರು: "ಬರೀ ನೀರು ಬೇಡ. ಉಪ್ಪು ಹಾಕಿದ ನೀರು ಮಜ್ಜಿಗೆ ಮಾಡಿಸು. ಸುಡು ಬಿಸಿಲಲ್ಲಿ ಹೊಲಕ್ಕೆ ಹೋಗೋರು ಬರೀ ನೀರು ಕುಡಿದು ಹೋಗಲ್ಲ." ಮಕ್ಕಳು ಕೊಂಡು ತಂದಿದ್ದ ಬಣ್ಣಬಣ್ಣದ ಸ್ಪೋರ್ಟ್ಸ್ ಡ್ರಿಂಕ್ ಬಾಟಲುಗಳ ಪಕ್ಕದಲ್ಲಿ ಅಪ್ಪನ ಮಜ್ಜಿಗೆಯ ಫ್ಲಾಸ್ಕುಗಳೂ ಕುಳಿತವು.

ಆಗುಂಬೆಯ ಆಚೆ ಮಗ್ಗುಲು

ಲಾಸ್ ಏಂಜಲಿಸ್ ಕಡೆಯಿಂದ ಸುಮಾರು ಐದು ಗಂಟೆಯ ಹಾದಿ. ಬೇಕರ್ ಎಂಬ ಪುಟ್ಟ ಊರಿನಲ್ಲಿ ಇಂಟರ್‌ಸ್ಟೇಟ್ ಬಿಟ್ಟು ಉತ್ತರಕ್ಕೆ ತಿರುಗಬೇಕು. ಅಲ್ಲೊಂದು 134 ಅಡಿ ಎತ್ತರದ ಥರ್ಮಾಮೀಟರ್ ಇದೆ. ಅಷ್ಟೇ ಎತ್ತರ ಯಾಕೆಂದರೆ, 1913ರ ಜುಲೈ 10ರಂದು ಡೆತ್ ವ್ಯಾಲಿಯಲ್ಲಿ ದಾಖಲಾದ ಉಷ್ಣತೆ 134 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 56.7 ಸೆಲ್ಸಿಯಸ್. ಭೂಮಿಯ ಮೇಲಿನ ಗಾಳಿಯ ಉಷ್ಣತೆಯ ಅಧಿಕೃತ ದಾಖಲೆ ಇಂದಿಗೂ ಅದೇ. ನಾವು ಹೋದಾಗ ಥರ್ಮಾಮೀಟರ್ 88 ತೋರಿಸುತ್ತಿತ್ತು. ಅಲ್ಲಿ ಪೆಟ್ರೋಲ್ ತುಂಬಿಸಿಕೊಂಡೆವು. ಮುಂದಿನ ದಾರಿಯಲ್ಲಿ ಬಂಕುಗಳು ಕಮ್ಮಿ, ದರ ಜಾಸ್ತಿ. ಫೋನಿನ ಸಿಗ್ನಲ್ ಸ್ವಲ್ಪ ಹೊತ್ತಿನಲ್ಲೇ ಕೈಬಿಟ್ಟಿತು. ಮಕ್ಕಳ ಮುಖ ಬಾಡಿತು.

ಕಣಿವೆಗೆ ಇಳಿಯುವ ಮುನ್ನ ಎಡಕ್ಕೊಂದು ರಸ್ತೆ ಡಾಂಟೆಸ್ ವ್ಯೂಗೆ ಹತ್ತುತ್ತದೆ. 5,475 ಅಡಿ ಎತ್ತರ. ಅಲ್ಲಿ ನಿಂತು ಕೆಳಗೆ ನೋಡಿದರೆ ಹಾಲು ಚೆಲ್ಲಿ ಒಣಗಿದಂತೆ ಬೆಳ್ಳಗೆ ಹರಡಿದ ಉಪ್ಪಿನ ಬಯಲು. ಅದು ಬ್ಯಾಡ್‌ವಾಟರ್, ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗೆ, ಉತ್ತರ ಅಮೆರಿಕದಲ್ಲೇ ಅತಿ ತಗ್ಗಿನ ಜಾಗ. ತಲೆ ಎತ್ತಿದರೆ ಎದುರಿಗೆ 11,049 ಅಡಿಯ ಟೆಲಿಸ್ಕೋಪ್ ಪೀಕ್, ನೆತ್ತಿಯ ಮೇಲೆ ಇನ್ನೂ ಹಿಮ.

"ಇಲ್ಲಿ ಮಳೆ ಎಷ್ಟಪ್ಪ?" ಎಂದು ಅಪ್ಪ ಕೇಳಿದರು. ವರ್ಷಕ್ಕೆ ಸರಾಸರಿ ಎರಡು ಇಂಚು ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಚಳ್ಳಕೆರೇಲಿ ಇದರ ಎಂಟು ಹತ್ತು ಪಟ್ಟು ಬಿದ್ದರೂ ಬರ ಬರ ಅಂತೀವಲ್ಲ" ಎಂದರು. ಕಾರಣ ಮಾತ್ರ ಎರಡೂ ಕಡೆ ಒಂದೇ. ಅರಬ್ಬೀ ಸಮುದ್ರದ ಮೋಡಗಳು ಸಹ್ಯಾದ್ರಿ ಹತ್ತುವಾಗ ಆಗುಂಬೆಯಲ್ಲಿ ಸುರಿದು ಬರಿದಾಗುತ್ತವೆ, ಬಯಲುಸೀಮೆಗೆ ಉಳಿಯುವುದು ಚೂರುಪಾರು. ಇಲ್ಲಿ ಪೆಸಿಫಿಕ್ ಸಾಗರದ ಮೋಡಗಳು ಡೆತ್ ವ್ಯಾಲಿ ತಲುಪಲು ಒಂದಲ್ಲ, ನಾಲ್ಕು ಬೆಟ್ಟಸಾಲುಗಳನ್ನು ದಾಟಬೇಕು. ಸಿಯೆರಾ ನೆವಾಡಾದಲ್ಲೇ ಬಹುಪಾಲು ಖಾಲಿ. ಮಗ ಶಾಲೆಯಲ್ಲಿ ಮಳೆನೆರಳು ಎಂಬುದನ್ನು ಓದಿದ್ದ. ತಾತ ಅದರ ಕೆಳಗೇ ಹುಟ್ಟಿ ಬೆಳೆದವರೆಂದು ಅವನಿಗೆ ಗೊತ್ತಾದದ್ದು ಆವತ್ತು.

ಬಳ್ಳಾರಿ ಜಾಲಿಯ ನೆಂಟ

ನಮ್ಮ ಟೆಂಟು ಫರ್ನೆಸ್ ಕ್ರೀಕ್ ಕ್ಯಾಂಪ್‌ಗ್ರೌಂಡಿನಲ್ಲಿ, ಸಮುದ್ರ ಮಟ್ಟಕ್ಕಿಂತ ಸುಮಾರು 190 ಅಡಿ ಕೆಳಗೆ. ಸಂಜೆಯ ಗಾಳಿಗೆ ಟೆಂಟು ಹಾರಿಹೋಗದಂತೆ ಗೂಟ ಹೊಡೆಯುವುದೇ ಒಂದು ಯುದ್ಧವಾಯಿತು. ಅಷ್ಟರಲ್ಲಿ ಪಕ್ಕದ ಮರದ ಕೆಳಗೆ ನಿಂತ ಅಪ್ಪ ಕೂಗಿದರು: "ಲೋ, ಇದು ಬಳ್ಳಾರಿ ಜಾಲಿ ಕಣೋ!"

ಮೆಸ್ಕೀಟ್ ಮರ ಅದು. ಅದೇ ಸಣ್ಣ ಎಲೆ, ಅದೇ ಮುಳ್ಳು, ಅದೇ ಉದ್ದನೆಯ ಕಾಯಿ. ನಮ್ಮೂರಿನ ಕೆರೆ ಅಂಗಳ, ರಸ್ತೆ ಬದಿ ಎಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿ ಮೂಲತಃ ಅಮೆರಿಕ ಖಂಡದ್ದೇ. ಮೆಸ್ಕೀಟ್ ಅದಕ್ಕೆ ತೀರ ಹತ್ತಿರದ ನೆಂಟ. ವಿಜಯದಶಮಿಗೆ ನಾವು ಪೂಜಿಸುವ ಬನ್ನಿಯೂ ಇದೇ ಬಳಗದ್ದು. ಐವತ್ತು ಅಡಿಗೂ ಆಳಕ್ಕೆ ಬೇರು ಇಳಿಸಿ ನೀರು ಹುಡುಕಿಕೊಳ್ಳುವ ಮರ. "ನಮ್ಮಲ್ಲಿ ಇದನ್ನ ಶಾಪ ಅಂತ ಬೈತೀವಿ, ಇಲ್ಲಿಯೋರು ಏನಂತಾರೋ" ಎಂದು ಅಪ್ಪ ಕಾಯಿ ಮುಟ್ಟಿ ನೋಡಿದರು.

ಇಲ್ಲಿಯವರು ಅದನ್ನು ಊಟ ಅನ್ನುತ್ತಿದ್ದರು. ಟಿಂಬಿಷಾ ಶೋಶೋನಿ ಜನ ಈ ಕಣಿವೆಯ ಮೂಲನಿವಾಸಿಗಳು. ಮೆಸ್ಕೀಟ್ ಕಾಯಿಯನ್ನು ಒಣಗಿಸಿ ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಚಳಿಗಾಲದಲ್ಲಿ ಕಣಿವೆಯಲ್ಲಿದ್ದು, ಬೇಸಿಗೆಯಲ್ಲಿ ತಂಪು ಬೆಟ್ಟಗಳಿಗೆ ಹತ್ತಿ ಪೈನ್ ಮರದ ಬೀಜ ಕೂಡಿಹಾಕುತ್ತಿದ್ದರು. ಇದು ಸಾವಿನ ಕಣಿವೆಯಾದದ್ದು 1849ರಲ್ಲಿ ಚಿನ್ನ ಹುಡುಕಿ ಹೊರಟವರಿಂದ. ಒಳದಾರಿ ಹಿಡಿದು ಬಂದ ಆ ವಲಸಿಗರು ಕ್ರಿಸ್‌ಮಸ್ ಹೊತ್ತಿಗೆ ಇಲ್ಲಿ ಸಿಕ್ಕಿಬಿದ್ದರು. ವಿಲಿಯಂ ಲೂಯಿಸ್ ಮ್ಯಾನ್ಲಿ, ಜಾನ್ ರೋಜರ್ಸ್ ಎಂಬ ಇಬ್ಬರು ತರುಣರು ನಡೆದೇ ಮರುಭೂಮಿ ದಾಟಿ, ಆಹಾರ ಹೊತ್ತು, ತಮ್ಮವರಿಗಾಗಿ ವಾಪಸು ಬಂದರು. ಕಣಿವೆಯೊಳಗೆ ತೀರಿಕೊಂಡವರು ಒಬ್ಬರೇ ಎಂದು ಚರಿತ್ರೆ ಹೇಳುತ್ತದೆ. ಆದರೂ ಹೊರಡುವಾಗ ಬೆನ್ನಿಗೆ ಎಸೆದ ಹೆಸರು ನಿಂತುಬಿಟ್ಟಿತು.

1933ರಲ್ಲಿ ಇದು ನ್ಯಾಷನಲ್ ಮಾನ್ಯುಮೆಂಟ್ ಆದಾಗ ಟಿಂಬಿಷಾ ಜನರನ್ನು ಕೇಳಿದವರಿಲ್ಲ. 1994ರಲ್ಲಿ ನ್ಯಾಷನಲ್ ಪಾರ್ಕ್ ಆಯಿತು. ಬಹಳ ವರ್ಷಗಳ ಹೋರಾಟದ ಬಳಿಕ 2000ದ ಕಾಯ್ದೆಯೊಂದು ಅವರಿಗೆ ಸುಮಾರು 7,700 ಎಕರೆ ಹಿಂದಿರುಗಿಸಿತು. ಅದರಲ್ಲಿ 314 ಎಕರೆ ನಮ್ಮ ಟೆಂಟಿಗೆ ಹತ್ತಿರದಲ್ಲೇ, ಫರ್ನೆಸ್ ಕ್ರೀಕಿನಲ್ಲಿ. ಇಂದಿಗೂ ಅಲ್ಲಿ ಅವರ ಮನೆಗಳಿವೆ.

ಅರುಂಧತಿ ದರ್ಶನ

ಪಾರ್ಕಿಗೆ 2013ರಲ್ಲಿ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಎಂಬ ಮನ್ನಣೆ ಸಿಕ್ಕಿದೆ. ರಾತ್ರಿ ಚಪಾತಿ, ಮೊಸರನ್ನ ಮುಗಿಸಿ, ತಿಂಡಿಯನ್ನೆಲ್ಲ ಕಯೋಟಿಗಳಿಗೆ ಸಿಗದಂತೆ ವ್ಯಾನಿನೊಳಗಿಟ್ಟು, ಚಾಪೆ ಹಾಸಿ ಅಂಗಾತ ಮಲಗಿದೆವು. ಆಕಾಶ ಅಷ್ಟು ತುಂಬಿದ್ದನ್ನು ನಮ್ಮ ಮಕ್ಕಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅಪ್ಪ ಉತ್ತರಕ್ಕೆ ಬೆರಳು ಮಾಡಿ ಸಪ್ತರ್ಷಿ ಮಂಡಲ ತೋರಿಸಿದರು. "ಬಾಲದ ನಡುವಿನ ನಕ್ಷತ್ರ ವಸಿಷ್ಠ. ಪಕ್ಕದಲ್ಲಿ ಅಂಟಿಕೊಂಡ ಚುಕ್ಕಿ ಅರುಂಧತಿ. ಕಾಣ್ತದಾ?" ಹನ್ನೆರಡರ ಮಗಳು ಕಣ್ಣು ಕಿರಿದು ಮಾಡಿ, "ಕಂಡೆ ತಾತ, ಕಂಡೆ!" ಎಂದು ಎದ್ದು ಕುಳಿತಳು.

ನಮ್ಮ ಮದುವೆಯಲ್ಲಿ ಪುರೋಹಿತರು ಮಧ್ಯಾಹ್ನ ಹನ್ನೆರಡಕ್ಕೆ ಛತ್ರದ ಸೂರಿನ ಕಡೆ ಕೈತೋರಿಸಿ, "ಅರುಂಧತಿ ಕಂಡಳು ಅನ್ನಿ" ಅಂದಿದ್ದರು. ನಾವಿಬ್ಬರೂ ಅಂದಿದ್ದೆವು. ಇಪ್ಪತ್ತೆರಡು ವರ್ಷಗಳ ನಂತರ ನಿಜವಾಗಿ ನೋಡಿದ ಶ್ರೀಮತಿ, "ಅಂತೂ ಇವತ್ತಿಗೆ ಮದುವೆ ಪೂರ್ತಿಯಾಯ್ತು" ಎಂದಳು. ಅಪ್ಪ ಕತ್ತಲಲ್ಲಿ ಗಟ್ಟಿಯಾಗಿ ನಕ್ಕರು. ಅಮ್ಮ ಹೋದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ಗೋಲ್ಡನ್ ಕ್ಯಾನಿಯನ್

ಎರಡನೆಯ ದಿನ ಬೆಳಿಗ್ಗೆ ಏಳಕ್ಕೆ ಗೋಲ್ಡನ್ ಕ್ಯಾನಿಯನ್ ಹತ್ತಲು ಶುರು ಮಾಡಿದೆವು. ರೆಡ್ ಕೆಥೀಡ್ರಲ್ ಎಂಬ ಕೆಂಪು ಬಂಡೆಗೋಡೆಯವರೆಗೆ ಹೋಗಿ ಬರಲು ಮೂರು ಮೈಲಿ. ಹಿಂದೆ ಇದರೊಳಗೆ ಟಾರು ರಸ್ತೆಯೇ ಇತ್ತು. 1976ರ ಪ್ರವಾಹ ಅದನ್ನು ಕೊಚ್ಚಿಹಾಕಿತು. ಟಾರಿನ ತುಣುಕುಗಳು ಇನ್ನೂ ಅಲ್ಲಲ್ಲಿ ಕಾಣುತ್ತವೆ. ಎರಡಿಂಚು ಮಳೆಯ ನಾಡಿನಲ್ಲಿ ಪ್ರವಾಹವೇ ಎಂದು ಕೇಳಬೇಡಿ. ನೆಲ ನೀರು ಹೀರದು, ತಡೆಯಲು ಹಸುರಿಲ್ಲ. 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಪಳೆಯುಳಿಕೆ ಮಳೆ ಒಂದೇ ದಿನ 2.2 ಇಂಚು ಸುರಿದು, ರಸ್ತೆಗಳನ್ನು ಕಿತ್ತು, ಬ್ಯಾಡ್‌ವಾಟರ್‌ನಲ್ಲಿ ತಿಂಗಳುಗಟ್ಟಲೆ ಕೆರೆ ನಿಲ್ಲಿಸಿತ್ತು. ಆ ಕೆರೆಯಲ್ಲಿ ಜನ ದೋಣಿ ಕೂಡ ನಡೆಸಿದರು.

ಅರ್ಧ ಮೈಲಿ ನಮ್ಮೊಡನೆ ನಡೆದ ಅಪ್ಪ ಮಾತಿನಂತೆ ನಿಂತರು. ಮಜ್ಜಿಗೆಯ ಒಂದು ಫ್ಲಾಸ್ಕನ್ನು ನನ್ನ ಚೀಲಕ್ಕೆ ಸೇರಿಸಿ ಸೊಸೆಯ ಜೊತೆ ವಾಪಸು ಹೊರಟರು. ಮಕ್ಕಳೂ ನಾನೂ ಮುಂದೆ ಹೋದೆವು. ಅರಿಶಿನ ಹಳದಿ, ಹುರಿಗಡಲೆ ಬಣ್ಣ, ಇಟ್ಟಿಗೆ ಕೆಂಪು, ಹೀಗೆ ಗೋಡೆಗಳು ತಿರುವಿಗೊಂದು ಬಣ್ಣ ತೋರಿಸಿದವು. ರೆಡ್ ಕೆಥೀಡ್ರಲ್ ಬುಡದಲ್ಲಿ ಅವಲಕ್ಕಿ ತಿಂದು ತಿರುಗಿ ಬರುವಾಗ ಹತ್ತು ಗಂಟೆ. ಬಿಸಿಲು ಕಣಿವೆಯೊಳಗೆ ಇಳಿದಿತ್ತು.

ದಾರಿಯ ಮಧ್ಯೆ ಒಬ್ಬ ಮಹಿಳೆ ಕೈ ಬೀಸಿದರು. ಬಂಡೆಗೊರಗಿ ಕುಳಿತ ಅವರ ಗಂಡನಿಗೆ ಐವತ್ತರ ಮೇಲೆ ವಯಸ್ಸು, ಮುಖ ಬಿಳಿಚಿಕೊಂಡಿತ್ತು. ಮೇಲಿನ ಜಬ್ರಿಸ್ಕಿ ಪಾಯಿಂಟ್‌ನಲ್ಲಿ ಕಾರು ನಿಲ್ಲಿಸಿ, ಬೆಟ್ಟ ಇಳಿದು ಬಂದಿದ್ದರು. ಅರ್ಧ ಲೀಟರಿನ ಎರಡು ಬಾಟಲು, ಎರಡೂ ಖಾಲಿ. ಒಮ್ಮೆ ವಾಂತಿಯಾಗಿತ್ತು. ಫೋನಿಗೆ ಸಿಗ್ನಲ್ ಇಲ್ಲ.

ನಾನು ಡಾಕ್ಟರ್ ಎಂದು ಹೇಳಿ ನಾಡಿ ಹಿಡಿದೆ. 124. ಚರ್ಮ ಬೆವರಿ ಒದ್ದೆ. ಹೆಸರು, ಈ ದಿನ ಯಾವ ವಾರ, ಕಾರು ಎಲ್ಲಿದೆ ಎಂದು ಕೇಳಿದೆ. ನಿಧಾನವಾಗಿ, ಆದರೆ ಸರಿಯಾಗಿ ಹೇಳಿದರು. ಆ ಸರಿಯುತ್ತರಗಳೇ ಮುಖ್ಯ. ಬಿಸಿಲಿನ ಬಳಲಿಕೆಯಲ್ಲಿ ತಲೆಸುತ್ತು, ವಾಕರಿಕೆ, ನಿತ್ರಾಣ ಇರುತ್ತವೆ, ಬುದ್ಧಿ ನೆಟ್ಟಗಿರುತ್ತದೆ. ಮಾತು ತೊದಲಿ, ಅಸಂಬದ್ಧವಾಗಿ, ಮೈ 104 ಡಿಗ್ರಿ ದಾಟಿದರೆ ಅದು ಹೀಟ್ ಸ್ಟ್ರೋಕ್. ಆಗ ಪ್ರತಿ ನಿಮಿಷವೂ ಪ್ರಾಣದ ಪ್ರಶ್ನೆ, ಸಿಕ್ಕಿದ ನೀರನ್ನೆಲ್ಲ ಮೈಮೇಲೆ ಸುರಿದು ತಣಿಸುತ್ತಲೇ ಸಹಾಯ ಕರೆಸಬೇಕು. ಇವರು ಮೊದಲಿನ ಹಂತದಲ್ಲಿದ್ದರು, ಎರಡನೆಯದಕ್ಕೆ ಬಹಳ ದೂರವಿರಲಿಲ್ಲ.

ಹದಿನೇಳರ ಮಗನಿಗೆ ಹೇಳಿದೆ: "ಓಡಬೇಡ, ನಡೆದು ಹೋಗು. ಅಮ್ಮನಿಗೆ ವಿಷಯ ಹೇಳು, ಐಸು ತಗೊಂಡು ಬಾ. ಮುಕ್ಕಾಲು ಗಂಟೆಯಲ್ಲಿ ನಾವು ಕೆಳಗೆ ಬರದಿದ್ದರೆ ಅಮ್ಮ ವಿಸಿಟರ್ ಸೆಂಟರಿಗೆ ಹೋಗಿ ರೇಂಜರಿಗೆ ತಿಳಿಸಲಿ." ಅವರನ್ನು ಗೋಡೆಯ ನೆರಳಿಗೆ ಸರಿಸಿ, ಕಾಲು ಚೀಲದ ಮೇಲೆತ್ತಿ, ಅಂಗಿ ಸಡಿಲಿಸಿ, ಕತ್ತು ಕಂಕುಳಿಗೆ ಒದ್ದೆ ಬಟ್ಟೆ ಇಟ್ಟೆವು. ಮಗಳು ತನ್ನ ಟೋಪಿಯಿಂದ ಗಾಳಿ ಹಾಕಿದಳು. ನಡುವೆ ನನ್ನ ಕಿವಿಯಲ್ಲಿ ಕನ್ನಡದಲ್ಲಿ, "ಅಪ್ಪಾ, ಅವರಿಗೆ ಏನೂ ಆಗಲ್ಲ ತಾನೇ?" ಎಂದಳು. "ನೀನು ಗಾಳಿ ನಿಲ್ಲಿಸಬೇಡ" ಎಂದೆ.

ಕುಡಿಸಲು ತಣ್ಣನೆಯ ಮಜ್ಜಿಗೆ ಇತ್ತು. ಎರಡೆರಡೇ ಗುಟುಕು, ನಿಮಿಷಕ್ಕೊಮ್ಮೆ. ಮೊದಲ ಗುಟುಕಿಗೆ ಆತ ಮುಖ ಹಿಂಡಿದರು, ನಾಲ್ಕನೆಯದಕ್ಕೆ ಫ್ಲಾಸ್ಕನ್ನು ತಾವೇ ಹಿಡಿದುಕೊಂಡರು. ಅರ್ಧ ಗಂಟೆಯಲ್ಲಿ ನಾಡಿ 96ಕ್ಕೆ ಇಳಿಯಿತು, ಮುಖಕ್ಕೆ ಬಣ್ಣ ಬಂತು. ಮಗ ಐಸು ತಂದ. ಇಬ್ಬರ ಮಧ್ಯೆ ಹಿಡಿದುಕೊಂಡು ಕೆಳಗೆ ತಂದೆವು. ವ್ಯಾನಿನ ಏಸಿಯಲ್ಲಿ ಕೂರಿಸಿ ವಿಸಿಟರ್ ಸೆಂಟರಿಗೆ ಕರೆದೊಯ್ದು ರೇಂಜರುಗಳಿಗೆ ಒಪ್ಪಿಸಿದೆವು. ಬೀಳ್ಕೊಡುವಾಗ ಆ ಮಹಿಳೆ ಅಪ್ಪನ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ಅಪ್ಪ ನನ್ನ ಕಡೆ ತಿರುಗಿ, "ಮಜ್ಜಿಗೆಗೂ ಥ್ಯಾಂಕ್ಸ್ ಹೇಳ್ತಾರಲ್ಲೋ" ಎಂದರು.

ಒಣ ಸೆಕೆಯ ಮೋಸ

ಆ ಮಧ್ಯಾಹ್ನ ಉಷ್ಣತೆ 97 ಮುಟ್ಟಿತು. ಮೆಸ್ಕೀಟ್ ನೆರಳಿನಲ್ಲಿ ಕುಳಿತು ಮಕ್ಕಳು ಪ್ರಶ್ನೆಗಳ ಸುರಿಮಳೆ ಮಾಡಿದರು. ಓದುಗರಿಗೂ ಉಪಯೋಗವಾದೀತೆಂದು ಉತ್ತರಗಳನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ದೇಹ ತಣ್ಣಗಾಗುವುದು ಬೆವರು ಆರುವುದರಿಂದ. ಮಂಗಳೂರಿನ ಸೆಕೆಯಲ್ಲಿ ಬೆವರು ಆರದೆ ತೊಟ್ಟಿಕ್ಕುತ್ತದೆ, ಎಷ್ಟು ಹೋಯಿತೆಂದು ಅಂಗಿಯೇ ಹೇಳುತ್ತದೆ. ಮರುಭೂಮಿಯಲ್ಲಿ ಬೆವರು ಮೈಮೇಲೆ ಬರುತ್ತಿದ್ದಂತೆ ಮಾಯ. "ಬೆವರೇ ಇಲ್ಲ" ಅನ್ನಿಸುತ್ತದೆ. ಆದರೆ ಬಿಸಿಲಲ್ಲಿ ಹತ್ತುವವನಿಂದ ಗಂಟೆಗೆ ಒಂದು ಲೀಟರ್ ಹೋಗಿರಬಹುದು. ಸಂಜೆ ಅಂಗಿಯ ಮೇಲೆ ಬಿಳಿ ಗೆರೆ ಕಂಡರೆ ಅದು ನಿಮ್ಮದೇ ಉಪ್ಪು. ಹೋದದ್ದು ನೀರು ಮತ್ತು ಉಪ್ಪು ಎರಡೂ ಆದ್ದರಿಂದ ಬರೀ ನೀರನ್ನು ಗಡಿಗೆಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಬೇರೆಯೇ ಅಪಾಯವಾಗುತ್ತದೆ. ನೀರಿನ ಜೊತೆ ಉಪ್ಪಿನ ತಿಂಡಿಯೂ ಬೇಕು.

1971ರ ಬಾಂಗ್ಲಾ ಯುದ್ಧದ ವೇಳೆ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟಲು ಸಾಲದಾದಾಗ, ಡಾ. ದಿಲೀಪ್ ಮಹಾಲನಬಿಸ್ ಸಕ್ಕರೆ ಉಪ್ಪಿನ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಕರುಳು ಉಪ್ಪನ್ನೂ ನೀರನ್ನೂ ಹೀರಲು ಸಕ್ಕರೆ ಸಹಾಯ ಮಾಡುತ್ತದೆ. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ರಾಮನವಮಿಯ ಪಾನಕ ಮಜ್ಜಿಗೆ ಬೇಸಿಗೆಯ ಹೊಸ್ತಿಲಲ್ಲೇ ಬರುವುದನ್ನು ಕಂಡು ಮಗಳು, "ಹಾಗಾದ್ರೆ ಅದು ಓಆರ್‌ಎಸ್ ಹಬ್ಬ" ಎಂದು ಹೊಸ ಹೆಸರಿಟ್ಟಳು.

ಬೇಸಿಗೆಯಲ್ಲಂತೂ ಇಲ್ಲಿಗೆ ಹೈಕಿಂಗಿಗೆ ಬರಬೇಡಿ. 2024ರ ಜುಲೈ ತಿಂಗಳ ಸರಾಸರಿ ಉಷ್ಣತೆ, ರಾತ್ರಿ ಹಗಲು ಸೇರಿ, 108.5 ಡಿಗ್ರಿ. ಅದೇ ತಿಂಗಳು ಮರಳುದಿಬ್ಬದಲ್ಲಿ ಚಪ್ಪಲಿ ಕಳೆದುಕೊಂಡ ಪ್ರವಾಸಿಯೊಬ್ಬರ ಅಂಗಾಲು ತೀವ್ರವಾಗಿ ಸುಟ್ಟುಹೋಯಿತು. ಕಾದ ಗಾಳಿ ತೆಳುವಾಗಿ ಹೆಲಿಕಾಪ್ಟರಿಗೆ ಎತ್ತುವ ಶಕ್ತಿ ಸಾಲದೆ ಅದು ಕಣಿವೆಗೆ ಇಳಿಯಲಾಗಲಿಲ್ಲ. ಆಂಬುಲೆನ್ಸಿನಲ್ಲಿ ಎತ್ತರದ ಜಾಗಕ್ಕೆ ಸಾಗಿಸಬೇಕಾಯಿತು.

ಉಪ್ಪು ಮತ್ತು ಮರಳು

ಸಂಜೆ ಬ್ಯಾಡ್‌ವಾಟರ್‌ಗೆ ಹೋದೆವು. ಹಿಂದಿನ ಬಂಡೆಯ ಎತ್ತರದಲ್ಲಿ "ಸಮುದ್ರ ಮಟ್ಟ" ಎಂಬ ಫಲಕ. ಕತ್ತು ನೋಯುವಷ್ಟು ತಲೆ ಎತ್ತಬೇಕು. ಕೆಳಗೆ ಷಟ್ಕೋನಗಳಾಗಿ ಬಿರಿದ ಉಪ್ಪು, ಬಹುಪಾಲು ನಾವು ಅಡುಗೆಗೆ ಹಾಕುವ ಉಪ್ಪೇ. ಹಿಮಯುಗದಲ್ಲಿ ಇಲ್ಲಿ ದೊಡ್ಡ ಸರೋವರವಿತ್ತು. ಹೊರಗೆ ಹರಿದುಹೋಗಲು ದಾರಿಯಿಲ್ಲದ ನೀರು ಆವಿಯಾಗಿ ಉಪ್ಪು ಉಳಿಯಿತು. ಅಪ್ಪ ನಿಧಾನವಾಗಿ ಮಗಳ ಕೈ ಹಿಡಿದು ಬಿಳಿ ಬಯಲಿನಲ್ಲಿ ಕಾಲು ಮೈಲಿ ನಡೆದರು. ಸೂರ್ಯ ಬೆಟ್ಟದ ಹಿಂದೆ ಸರಿದಾಗ ಆ ಬಿಳುಪೆಲ್ಲ ತಿಳಿ ನೇರಳೆಯಾಯಿತು.

ಮೂರನೆಯ ದಿನ ಸೂರ್ಯೋದಯಕ್ಕೆ ಮೆಸ್ಕೀಟ್ ಫ್ಲಾಟ್ ಮರಳುದಿಬ್ಬಗಳಲ್ಲಿದ್ದೆವು. ಮರಳಿನ ಮೇಲೆ ರಾತ್ರಿಯ ಸಂಚಾರದ ದಾಖಲೆ: ಹಾವಿನ ಓರೆ ಗೆರೆಗಳು, ಜೀರುಂಡೆಯ ಹೊಲಿಗೆ, ಕಾಂಗರೂ ಇಲಿಯ ಕುಪ್ಪಳಿಕೆ. ಈ ಇಲಿ ಜೀವಮಾನವಿಡೀ ನೀರು ಕುಡಿಯದೆ ಬದುಕಬಲ್ಲದು. ಒಣ ಬೀಜ ಅರಗುವಾಗ ಹುಟ್ಟುವ ನೀರೇ ಅದಕ್ಕೆ ಸಾಕು, ಅದರ ಮೂತ್ರಪಿಂಡ ಒಂದು ಹನಿಯನ್ನೂ ದಂಡ ಮಾಡುವುದಿಲ್ಲ. ಮನುಷ್ಯರ ಕಿಡ್ನಿಗಳನ್ನೇ ನೋಡಿಕೊಂಡು ಬಂದ ನಾನು ಆ ಸಣ್ಣ ಹೆಜ್ಜೆಗಳ ಮುಂದೆ ಟೋಪಿ ತೆಗೆದೆ. ದಿಬ್ಬದ ತುದಿಗೆ ಓಡಿದ ಮಕ್ಕಳು ತಾತನನ್ನು ಕೂಗುತ್ತಿದ್ದರು. ತಾತ ಕೆಳಗೆ ಮರಳಲ್ಲಿ ಕುಳಿತು ಕೈ ಬೀಸುತ್ತಿದ್ದರು.

ಮನೆಗೆ ಮರಳಿದ ಮೇಲೆ ಒಂದು ಬದಲಾವಣೆ ಕಂಡೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸೆಂದು ಮಗಳಿಗೆ ಹೇಳುವ ಕೆಲಸ ನನಗೆ ತಪ್ಪಿದೆ. ಮಗ ಸೆಪ್ಟೆಂಬರ್‌ನಲ್ಲಿ ಕಾಲೇಜಿಗೆ ಹೊರಟಾಗ ಫೋನಿನಲ್ಲಿ ತಾತನಿಂದ ಮಜ್ಜಿಗೆ ಮಾಡುವ ಹದ ಬರೆಸಿಕೊಂಡ.

ಹೋಗಬೇಕೆನ್ನುವವರಿಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಕ್ಯಾಂಪ್‌ಗ್ರೌಂಡ್ ಮೊದಲೇ ಕಾದಿರಿಸಿ, ರಸ್ತೆಗಳ ಸ್ಥಿತಿ ಹೊರಡುವ ಮುನ್ನ ನೋಡಿಕೊಳ್ಳಿ, ಮ್ಯಾಪನ್ನು ಕಾಗದದಲ್ಲಿ ಇಟ್ಟುಕೊಳ್ಳಿ. ಹಿರಿಯರು ಬರುವುದಾದರೆ ಅವರ ಮಾತ್ರೆಗಳ ಬಗ್ಗೆ ಡಾಕ್ಟರನ್ನು ಕೇಳಿ, ನೀವೇ ನಿಲ್ಲಿಸಬೇಡಿ. ಈ ಚಳಿಗಾಲ ನಮ್ಮ ಕೂಟದ ನಾಲ್ಕೈದು ಸಂಸಾರಗಳು ಸೇರಿ ಹೋಗುವ ಮಾತು ನಡೆದಿದೆ. ಬರುವವರು ಹೇಳಿ. ನೀರಿನ ಲೆಕ್ಕ ನನ್ನದು, ಮೊಸರು ನೀವು ತನ್ನಿ.